ತ್ಯಾಗದ ಲೆಕ್ಕ ಯಾರ ಖಾತೆಗೆ?

ರಷ್ಯಾದ ಮಹಾಲೇಖಕ ಲಿಯೊ ಟಾಲ್‌ಸ್ಟಾಯ್ ಅವರು ಅಹಿಂಸೆಯ ಪ್ರತಿಪಾದಕರೆಂದೂ ಗಾಂಧೀಜಿಯವರಿಗೆ ಪ್ರೇರಕರೆಂದೂ ನಾವೆಲ್ಲ ಬಲ್ಲೆವು. ಆದರೆ ಅವರ 48 ವರ್ಷಗಳ ದಾಂಪತ್ಯವನ್ನು ಒಂದು ಉಯಿಲು ಕದಡಿದ ಸಂಗತಿ ಅಷ್ಟಾಗಿ ಪರಿಚಿತವಲ್ಲ.

1862ರಲ್ಲಿ ವಿವಾಹವಾದಾಗ ಅವರಿಗೆ 34 ವರ್ಷ, ಪತ್ನಿ ಸೋಫಿಯಾ ಅವರಿಗೆ 18. ಆಕೆ 13 ಮಕ್ಕಳನ್ನು ಹೆತ್ತು, ಐವರನ್ನು ಬಾಲ್ಯದಲ್ಲಿಯೇ ಕಳೆದುಕೊಂಡರು. 'ಯುದ್ಧ ಮತ್ತು ಶಾಂತಿ'ಯ ತಿದ್ದುಪಡಿ ತುಂಬಿದ ಹಾಳೆಗಳನ್ನು ಪುನಃ ಪುನಃ ಶುದ್ಧಪ್ರತಿ ಮಾಡಿದವರೂ ಆಕೆಯೇ. ಕಾಲಕ್ರಮದಲ್ಲಿ ಪತಿಗೆ ಆಸ್ತಿಯಲ್ಲಿ ವೈರಾಗ್ಯ ಮೂಡಿತು. 1883ರಲ್ಲಿ ಆಸ್ತಿ ವ್ಯವಹಾರದ ಅಧಿಕಾರಪತ್ರವನ್ನು ಆಕೆಗೆ ಬರೆದುಕೊಟ್ಟರು. ಮುಂದೆ ಗ್ರಂಥಗಳ ಪ್ರಕಾಶನವೂ ಆಕೆಯ ಕೈಸೇರಿತು. 1891ರಲ್ಲಿ ಅವರು, 1881ರಿಂದೀಚಿನ ಕೃತಿಗಳ ಹಕ್ಕನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಹಿಂದಿನ ಕೃತಿಗಳ ಆದಾಯ ಮಾತ್ರ ಸಂಸಾರಕ್ಕೆ ಉಳಿಯಿತು.

ಶಿಷ್ಯ ಚೆರ್ಟ್‌ಕೋವ್ ಅವರಿಗೆ ಇಷ್ಟು ಸಾಲದಾಯಿತು. ಗುರುವಿನ ಸಮಸ್ತ ಬರಹವೂ ಜನತೆಯ ಸ್ವತ್ತಾಗಬೇಕೆಂಬುದು ಅವರ ಹಟ. 1910ರ ಬೇಸಿಗೆಯಲ್ಲಿ, ಯಾಸ್ನಾಯಾ ಪೊಲ್ಯಾನಾದ ಸಮೀಪದ ಕಾಡಿನಲ್ಲಿ, ಮರದ ಬೊಡ್ಡೆಯ ಮೇಲೆ ಕುಳಿತು ಟಾಲ್‌ಸ್ಟಾಯ್ ಗುಪ್ತವಾಗಿ ಉಯಿಲಿಗೆ ಸಹಿ ಹಾಕಿದರು. ಕಾನೂನಿನ ಪ್ರಕಾರ ವಾರಸುದಾರಳು ಮಗಳು ಅಲೆಕ್ಸಾಂಡ್ರಾ. ಬರಹಗಳ ಮೇಲ್ವಿಚಾರಣೆ ಚೆರ್ಟ್‌ಕೋವ್ ಅವರದು. ಅರ್ಧ ಶತಮಾನ ಜೊತೆಗಿದ್ದ ಪತ್ನಿಗೆ ಒಂದು ಮಾತನ್ನೂ ತಿಳಿಸಲಿಲ್ಲ. ಸಂಶಯದಿಂದ ಬೆಂದ ಆಕೆ ದಿನಚರಿಗಳಿಗಾಗಿ ಹಂಬಲಿಸಿ, ಪತಿಯ ಕಾಗದಗಳನ್ನು ರಾತ್ರಿ ಹುಡುಕತೊಡಗಿದರು. ನವೆಂಬರ್ 10ರ ನಸುಕಿನಲ್ಲಿ 82ರ ವೃದ್ಧರು ಮನೆ ತೊರೆದರು. ಹತ್ತು ದಿನಗಳ ಅನಂತರ ಅಸ್ತಾಪೊವೊ ರೈಲು ನಿಲ್ದಾಣದ ಅಧಿಕಾರಿಯ ಮನೆಯಲ್ಲಿ ಮರಣ ಹೊಂದಿದರು. ಅವರಿಗೆ ಪ್ರಜ್ಞೆ ತಪ್ಪಿದ ಮೇಲೆಯೇ ಸೋಫಿಯಾರನ್ನು ಒಳಕ್ಕೆ ಬಿಡಲಾಯಿತು.

ಆ ಉಯಿಲಿನಿಂದ ಲೋಕಕ್ಕೆ ಒಳಿತಾಗಲಿಲ್ಲವೆನ್ನಲಾಗದು. ಗ್ರಂಥಗಳಿಂದ ಬಂದ ಹಣದಲ್ಲಿ ಅಲೆಕ್ಸಾಂಡ್ರಾ ಜಮೀನು ಕೊಂಡು ರೈತರಿಗೆ ಹಂಚಿದರು. ಆದರೆ ಹಸ್ತಪ್ರತಿಗಳಿಗಾಗಿ ತಾಯಿ–ಮಗಳ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 1919ರಲ್ಲಿ ಸೋಫಿಯಾ ತೀರಿಕೊಂಡರು.

ಇಲ್ಲಿ ದುಷ್ಟರು ಯಾರೂ ಇಲ್ಲ. ಲೋಕಕ್ಕೆ ಕೊಡಬೇಕೆಂಬ ಪತಿಯ ಸಂಕಲ್ಪ ಉದಾತ್ತ. ಮಕ್ಕಳ ಅನ್ನದ ಬಗೆಗಿನ ಪತ್ನಿಯ ಚಿಂತೆ ನ್ಯಾಯ. ತನಗೆ ಬೇಡವಾದುದನ್ನು ಬಿಡುವುದು ಒಂದು. ಆ ಸಂಪತ್ತಿನ ಹಿಂದೆ ದುಡಿದ ಇನ್ನೊಬ್ಬರ ಪಾಲನ್ನೂ ಅವರನ್ನು ಕೇಳದೆ ಬಿಟ್ಟುಕೊಡುವುದು ಮತ್ತೊಂದು. ತ್ಯಾಗದ ಯಶಸ್ಸು ಪತಿಯ ಹೆಸರಿಗೆ ಜಮೆಯಾಯಿತು, ಖರ್ಚು ಪತ್ನಿಯ ಖಾತೆಗೆ ಬಿದ್ದಿತು. ದಾನಪತ್ರ, ಉಯಿಲುಗಳಿಗೆ ಸಹಿ ಹಾಕುವ ಗೃಹಸ್ಥರೂ ಅವನ್ನು ಸ್ವೀಕರಿಸುವ ಸಂಸ್ಥೆಗಳೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಕಾಗದವನ್ನು ಮನೆಯಾಕೆ ಓದಿದ್ದಾರೆಯೇ?