ಲ್ಯಾಂಬಿಂಗ್ ಫ್ಲಾಟಿನ ಮಾಂಸದಂಗಡಿ

ಓರಿಯೆಂಟಲ್ ಬ್ಯಾಂಕಿನ ಬಂಗಾರ 2,067 ಔನ್ಸ್, ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸಿನದು 521, ಕಮರ್ಷಿಯಲ್ ಬ್ಯಾಂಕಿನದು 129. ಜೊತೆಗೆ 3,700 ಪೌಂಡ್ ನಗದು. 1862ರ ಜೂನ್ 15, ಭಾನುವಾರ, ಆಸ್ಟ್ರೇಲಿಯದ ಫೋರ್ಬ್ಸ್ ಎಂಬ ಊರಿನಿಂದ ಆರೆಂಜ್ ಕಡೆಗೆ ಹೊರಟ ಕುದುರೆ ಗಾಡಿಯ ಸರಕಿದು. ಬದುಕಿನ ಮುಕ್ಕಾಲು ಪಾಲು ಬ್ಯಾಂಕಿನ ಕ್ಯಾಷ್ ಕೌಂಟರಿನ ಜಾಲರಿಯ ಹಿಂದೆ ಕಳೆದ ನನ್ನಂಥವನು ಇದನ್ನು ಓದಿದರೆ ಕೈ ತಾನಾಗಿ ಪೆನ್ಸಿಲ್ ಹುಡುಕುತ್ತದೆ. ಔನ್ಸುಗಳನ್ನು ಕೂಡಿಸಿದರೆ 2,717. ಈಗಿನ ತೂಕದಲ್ಲಿ ಎಂಬತ್ತನಾಲ್ಕೂವರೆ ಕಿಲೋ. ನಗದೂ ಸೇರಿ ಅಂದಾಜು 14,000 ಪೌಂಡ್. ಕಾವಲಿಗೆ ಇದ್ದವರು ನಾಲ್ಕೇ ಜನ ಪೊಲೀಸರು.

ಕೋಲಾರ ಜಿಲ್ಲೆಯಲ್ಲಿ ಕೆಲಸಕ್ಕಿದ್ದಾಗ ಕರೆನ್ಸಿ ಚೆಸ್ಟಿನಿಂದ ಸಣ್ಣ ಬ್ರಾಂಚುಗಳಿಗೆ ಹಣದ ಟ್ರಂಕು ಸಾಗಿಸುವ ರೆಮಿಟೆನ್ಸ್ ಡ್ಯೂಟಿ ನನಗೂ ಬೀಳುತ್ತಿತ್ತು. ಹಳೆಯ ಹೆಡ್ ಕ್ಯಾಷಿಯರ್ ಒಬ್ಬರು ಹೇಳಿಕೊಟ್ಟದ್ದು ಒಂದೇ ಪಾಠ: ಬಂದೂಕಿನವರು ಎಷ್ಟು ಜನ ಅಂತ ಎಣಿಸಬೇಡಪ್ಪ, ಹೊರಡುವ ದಿನ ಎಷ್ಟು ಜನಕ್ಕೆ ಗೊತ್ತು ಅನ್ನೋದನ್ನ ಎಣಿಸು. ಫೋರ್ಬ್ಸಿನಲ್ಲಿ ಆ ಲೆಕ್ಕಕ್ಕೆ ಅರ್ಥವೇ ಇರಲಿಲ್ಲ. ಚಿನ್ನದ ಎಸ್ಕಾರ್ಟ್ ಗಾಡಿ ಯಾವ ದಿನ, ಯಾವ ದಾರಿಯಲ್ಲಿ ಹೊರಡುತ್ತದೆಂದು ಹೆಂಡದಂಗಡಿಯ ಹುಡುಗನಿಗೂ ಗೊತ್ತಿತ್ತು.

ಸಂಜೆಯ ಹೊತ್ತಿಗೆ ಗಾಡಿ ಯೂಗೌರಾ ಬಂಡೆಗಳ ಹತ್ತಿರ ಬಂದಾಗ ಎತ್ತಿನ ಬಂಡಿಗಳು ದಾರಿಗೆ ಅಡ್ಡ ನಿಂತಿದ್ದವು. ಬಂಡೆಯ ಮರೆಯಿಂದ ಕೆಂಪಂಗಿ ತೊಟ್ಟು ಮುಖಕ್ಕೆ ಮಸಿ ಬಳಿದುಕೊಂಡವರು ಎದ್ದು ಗುಂಡು ಹಾರಿಸಿದರು. ಇಬ್ಬರು ಪೊಲೀಸರಿಗೆ ಪೆಟ್ಟಾಯಿತು, ಕುದುರೆಗಳು ಬೆದರಿ ಗಾಡಿ ಮಗುಚಿತು, ಕಾವಲಿನವರು ಪೊದೆಗಳತ್ತ ಓಡಿದರು. ಕಳ್ಳರು ಒಟ್ಟು ಎಂಟು ಜನ: ಮುಂದಾಳು ಫ್ರಾಂಕ್ ಗಾರ್ಡಿನರ್, ಅವನ ಜೊತೆ ಬೆನ್ ಹಾಲ್, ಜಾನ್ ಗಿಲ್ಬರ್ಟ್, ಜಾನ್ ಒಮೀಲಿ, ಡ್ಯಾನ್ ಚಾರ್ಟರ್ಸ್, ಹೆನ್ರಿ ಮ್ಯಾನ್ಸ್, ಫೋರ್ಡೈಸ್, ಬೋ. ಸಮನಾಗಿ ಹಂಚಿದರೆ ತಲೆಗೆ ಹತ್ತೂವರೆ ಕಿಲೋ ಬಂಗಾರ.

ಇಂಥವರನ್ನು ಆ ದೇಶದಲ್ಲಿ ಬುಷ್‌ರೇಂಜರ್ ಅನ್ನುತ್ತಾರೆ. ಮೊದಲ ತಲೆಮಾರಿನವರು ಬ್ರಿಟನ್ನಿನಿಂದ ಗಡೀಪಾರಾಗಿ ಬಂದು, ಬೇಡಿ ಕಳಚಿಕೊಂಡು ಕಾಡು ಸೇರಿದ ಕೈದಿಗಳು. ಅವರು ಹೊಟ್ಟೆಪಾಡಿಗೆ ದೋಚಿದವರು. ನ್ಯೂ ಸೌತ್ ವೇಲ್ಸಿಗೆ ಕೈದಿಗಳನ್ನು ಕಳಿಸುವುದು 1840ರಲ್ಲಿ ನಿಂತಿತು. ಅದರ ಜೊತೆಗೆ ಈ ಕಸುಬೂ ಸೊರಗಬೇಕಿತ್ತು. ಸೊರಗಲಿಲ್ಲ. ಕಾರಣ ಬಂಗಾರ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಪೆಟ್ಟಿಗೆಯೊಳಗಿನ ಬಂಗಾರ ಕಥೆಯ ಕೊನೆಗೆ ಬರುವ ಸಂಗತಿ. ನನ್ನನ್ನು ಕೇಳಿದರೆ ಕಥೆ ಶುರುವಾಗುವುದು ಒಂದು ಮಾಂಸದಂಗಡಿಯಲ್ಲಿ.

1851ರಲ್ಲಿ ಎಡ್ವರ್ಡ್ ಹಾರ್‌ಗ್ರೇವ್ಸ್ ಆರೆಂಜ್ ಬಳಿಯ ಹಳ್ಳದಲ್ಲಿ ಬಂಗಾರವಿದೆಯೆಂದು ಸಾರಿದ, ಹತ್ತು ಸಾವಿರ ಪೌಂಡ್ ಬಹುಮಾನವನ್ನೂ ಪಡೆದ. ಕೂಲಿ ಗಿಟ್ಟುವಷ್ಟು ಚಿನ್ನವನ್ನು ನಿಜವಾಗಿ ಮೊದಲು ಎತ್ತಿದವರು ಅವನ ಜೊತೆಗಾರರಾದ ಲಿಸ್ಟರ್ ಮತ್ತು ಟಾಮ್ ಸಹೋದರರು ಎಂದು ಸಂಸದೀಯ ಸಮಿತಿಯೊಂದು ಒಪ್ಪಿದ್ದು 1890ರಲ್ಲಿ. ಅಷ್ಟು ಹೊತ್ತಿಗೆ ಬಹುಮಾನ ಖರ್ಚಾಗಿ ಮುಗಿದಿತ್ತು ಬಿಡಿ. ನೆಲದ ಒಳಗಿರುವ ಚಿನ್ನವೆಲ್ಲ ರಾಣಿಯದು ಎಂದ ಸರ್ಕಾರ, ಅಗೆಯಲು ತಿಂಗಳಿಗೆ ಮೂವತ್ತು ಶಿಲಿಂಗ್ ಲೈಸೆನ್ಸ್ ಹಾಕಿತು. ಆ ನೆಲ ಸಾವಿರಾರು ವರ್ಷಗಳಿಂದ ವಿರಾಡ್ಜುರಿ ಜನರದು. ಅವರನ್ನು ಯಾರೂ ಕೇಳಲಿಲ್ಲ.

ನಮ್ಮ ತಂದೆ ಕೆ.ಜಿ.ಎಫ್.ನಲ್ಲಿ ಟೈಮ್ ಕೀಪರ್ ಆಗಿದ್ದರು. ಹಾಗಾಗಿ ಬಂಗಾರವೆಂದರೆ ನನಗೆ ಕಂಪನಿ, ಶಿಫ್ಟಿನ ಸೈರನ್, ಮೂರು ಕಿಲೋಮೀಟರ್ ಆಳದ ಶಾಫ್ಟು. ಅಲ್ಲಿ ಚಿನ್ನ ಬಂಡೆಯೊಳಗೆ ಕೂತಿತ್ತು. ತೆಗೆಯಲು ಯಂತ್ರ ಬೇಕು, ಯಂತ್ರಕ್ಕೆ ಲಂಡನ್ನಿನ ಬಂಡವಾಳ ಬೇಕು. ಆಸ್ಟ್ರೇಲಿಯದ ಫೋರ್ಬ್ಸ್, ಲ್ಯಾಂಬಿಂಗ್ ಫ್ಲಾಟ್ ಎಂಬ ಚಿನ್ನದ ಬಯಲುಗಳದು ಬೇರೆ ಬಗೆ. ಹಳೆಯ ಹೊಳೆಪಾತ್ರಗಳ ಜಲ್ಲಿಯಲ್ಲಿ ಬೆರೆತ ಚಿನ್ನ. ಗುದ್ದಲಿ, ಬಾಣಲೆ, ಜರಡಿ ತೊಟ್ಟಿಲು ಇದ್ದವನು ತನ್ನ ಪಾಡಿಗೆ ತಾನು ಅಗೆದು ತೊಳೆದು, ಚೀಲಕ್ಕೆ ತುಂಬಿ ಬ್ಯಾಂಕಿನವನಿಗೆ ಮಾರಬಹುದಿತ್ತು. ಈ ವ್ಯತ್ಯಾಸದಿಂದಲೇ ಉಳಿದದ್ದೆಲ್ಲ ಆದದ್ದು. ಕಂಪನಿಯ ಗಣಿ ಊರೊಂದನ್ನು ಕಟ್ಟಿ, ಸಂಬಳ ಕೊಟ್ಟು, ಬೇಲಿ ಹಾಕುತ್ತದೆ. ಜಲ್ಲಿಯ ಚಿನ್ನಕ್ಕಾದರೋ ಸಾವಿರಾರು ಜನ ಒಂದೇ ತಿಂಗಳಲ್ಲಿ ಬಂದು ಗುಡಾರ ಹೊಡೆಯುತ್ತಾರೆ, ಅವರಲ್ಲಿ ಒಬ್ಬನೂ ಬೆಳೆ ಬೆಳೆಯುವುದಿಲ್ಲ, ಎಲ್ಲರಿಗೂ ಹೊಟ್ಟೆ ಇರುತ್ತದೆ.

ಅವರು ತಿನ್ನುತ್ತಿದ್ದುದು ದನದ ಮಾಂಸ. ವೆಡಿನ್ ಬೆಟ್ಟಗಳ ಸುತ್ತ, ಲಾಕ್ಲನ್ ನದಿಯ ಉದ್ದಕ್ಕೆ, ಬೇಲಿಯೇ ಇಲ್ಲದ ಹುಲ್ಲುಗಾವಲುಗಳಲ್ಲಿ ದನ ಸಾಕುವ ಜಮೀನ್ದಾರರಿದ್ದರು. ಅವರ ದನ ಕಾಯುವ ಹುಡುಗರು ಬಹುಪಾಲು ಹಳೆಯ ಕೈದಿಗಳ ಮಕ್ಕಳು. ನಡೆಯುವ ಮೊದಲೇ ಕುದುರೆ ಹತ್ತಿದವರು. ಚಿನ್ನ ಸಿಗುವ ಮೊದಲು ಕದ್ದ ದನವನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗಬೇಕಿತ್ತು. ಈಗ ಗಿರಾಕಿ ಮನೆಬಾಗಿಲಿಗೇ ಬಂದ. ಚರ್ಮದ ಮೇಲಿನ ಮುದ್ರೆ ಯಾರದೆಂದು ಕೇಳುವ ವ್ಯವಧಾನವೂ ಅವನಿಗಿರಲಿಲ್ಲ.

ಗಾರ್ಡಿನರ್ ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡ. ಅವನ ನಿಜ ಹೆಸರು ಫ್ರಾನ್ಸಿಸ್ ಕ್ರಿಸ್ಟಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಮಗುವಾಗಿದ್ದಾಗಲೇ ಬಂದವನು. ಕುದುರೆ ಕಳ್ಳತನಕ್ಕೆ ಜೈಲು ಸೇರಿ, 1859ರಲ್ಲಿ ಷರತ್ತಿನ ಮೇಲೆ ಬಿಡುಗಡೆಯಾಗಿದ್ದ. 1860ರಲ್ಲಿ ಲ್ಯಾಂಬಿಂಗ್ ಫ್ಲಾಟಿನಲ್ಲಿ ಚಿನ್ನ ಸಿಕ್ಕಾಗ, ವಿಲಿಯಂ ಫಾಗ್ ಎಂಬವನ ಜೊತೆ ಸೇರಿ ಅಲ್ಲಿ ಮಾಂಸದಂಗಡಿ ತೆರೆದ. ಬಂಡವಾಳವಿಲ್ಲದ ವ್ಯಾಪಾರ: ದನಕ್ಕೆ ಅಸಲೇ ಇಲ್ಲ. 1861ರಲ್ಲಿ ದನಗಳ್ಳತನದ ಮೇಲೆ ಹಿಡಿದರು, ಜಾಮೀನು ಸಿಕ್ಕಿತು, ಮಾಯವಾದ. ಅಂಗಡಿ ಮುಚ್ಚಿತು, ಹೆದ್ದಾರಿ ತೆರೆಯಿತು. ಯೂಗೌರಾದ ತಂಡಕ್ಕೆ ಬೇಕಾದ ಬಂಡವಾಳವೆಲ್ಲ ಅಂಗಡಿಯ ಕಾಲದ್ದೇ: ಬೆಟ್ಟದ ಒಳದಾರಿಗಳ ತಿಳಿವಳಿಕೆ, ರಾತ್ರಿ ದನ ಹೊಡೆದು ರೂಢಿಯಾದ ಹುಡುಗರು, ಬಾಯಿ ಬಿಡದ ನೆಂಟರು. ಒಮೀಲಿಯ ಅಪ್ಪ ವೆಡಿನ್ ಬೆಟ್ಟದಲ್ಲೇ ಹೋಟೆಲು ಇಟ್ಟಿದ್ದ. ಗಿಲ್ಬರ್ಟ್ ಕೆನಡಾದಲ್ಲಿ ಹುಟ್ಟಿ, ಚಿನ್ನದ ಹುಚ್ಚು ಹತ್ತಿದ ಮನೆಯವರ ಜೊತೆ ಹುಡುಗನಾಗಿ ಬಂದವನು.

ಲ್ಯಾಂಬಿಂಗ್ ಫ್ಲಾಟಿನ ಹೆಸರು ಇನ್ನೂ ಕೆಟ್ಟ ಕೆಲಸಕ್ಕಾಗಿ ಉಳಿದಿದೆ. 1861ರ ಜೂನ್ 30ರಂದು ಸಾವಿರಾರು ಬಿಳಿಯ ಗಣಿಗಾರರು ಬ್ಯಾಂಡ್ ಬಾರಿಸಿಕೊಂಡು ಹೋಗಿ ಚೀನೀಯರ ಗುಡಾರ ಸುಟ್ಟು, ಜಡೆ ಕತ್ತರಿಸಿ, ಬಡಿದು ಓಡಿಸಿದರು. ಜೇಮ್ಸ್ ರಾಬರ್ಟ್ಸ್ ಎಂಬ ಜಮೀನ್ದಾರ ಸಾವಿರಕ್ಕೂ ಹೆಚ್ಚು ಚೀನೀಯರಿಗೆ ತನ್ನ ಜಾಗದಲ್ಲಿ ಆಶ್ರಯ ಕೊಟ್ಟ. ಸರ್ಕಾರ ಮಾತ್ರ ಅದೇ ವರ್ಷ ಚೀನೀಯರ ವಲಸೆಗೇ ಕಡಿವಾಣ ಹಾಕುವ ಕಾನೂನು ತಂದಿತು. ಈ ಗಲಭೆ ಅಡಗಿಸಲು ಪೊಲೀಸರೂ ಸೈನಿಕರೂ ಅಲ್ಲಿ ಬೀಡುಬಿಟ್ಟಿದ್ದಾಗ ಉಳಿದ ದಾರಿಗಳನ್ನು ಕಾಯುವವರು ವಿರಳವಾದರು.

ಅದೇ ಜೂನ್‌ನಲ್ಲಿ ಫೋರ್ಬ್ಸಿನಲ್ಲಿ ಚಿನ್ನ ಕಂಡಿತು. ವರ್ಷದ ಕೊನೆಗೆ ಅಲ್ಲಿ ಇಪ್ಪತ್ತೆಂಟು ಸಾವಿರ ಜನ ಇದ್ದರಂತೆ. ಎರಡು ವರ್ಷದಲ್ಲಿ ಕೆಲವೇ ಸಾವಿರಕ್ಕೆ ಇಳಿಯಿತು. ಚಿನ್ನ ಅಗೆದವನ ಕೈಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಎಸ್ಕಾರ್ಟಿಗೆ, ಅಲ್ಲಿಂದ ಸಿಡ್ನಿಯ ಟಂಕಸಾಲೆಗೆ. ಸುತ್ತಲಿನ ಸೀಮೆಯ ಪಾಲಿಗೆ ಉಳಿದದ್ದು ಗಾಡಿ ಹೋದ ದಾರಿ, ಗುಂಡಿಗಳು ಮತ್ತು ಹೆಂಡದಂಗಡಿಗಳು. ದೋಚಿದವರಿಗೆ ಅಷ್ಟೊಂದು ಮನೆಗಳು ಊಟ ಇಟ್ಟದ್ದೇಕೆ ಎಂದು ಕೇಳುವವರು ಇದನ್ನು ಮರೆಯುತ್ತಾರೆ. ಪ್ರೀತಿಯಷ್ಟೇ ಅಲ್ಲ, ಭಯವೂ ಇತ್ತು, ಪಾಲೂ ಇತ್ತು.

ಹಿಡಿಯಬೇಕಾದವರ ಕಥೆ ಇನ್ನೂ ಸ್ವಾರಸ್ಯ. ಆ ಸೀಮೆಯ ಪೊಲೀಸ್ ಅಧಿಕಾರಿ ಸರ್ ಫ್ರೆಡರಿಕ್ ಪಾಟಿಂಜರ್ ಹುಟ್ಟಿದ್ದು ಭಾರತದಲ್ಲಿ. ಅವನ ಅಪ್ಪ ಸರ್ ಹೆನ್ರಿ ಪಾಟಿಂಜರ್ ಹಾಂಗ್‌ಕಾಂಗಿನ ಮೊದಲ ಗವರ್ನರ್. 1848ರಿಂದ 1854ರವರೆಗೆ ನಮ್ಮ ಪಕ್ಕದ ಮದ್ರಾಸಿನ ಗವರ್ನರ್. ಮಗ ಈಟನ್ನಿನಲ್ಲಿ ಓದಿ, ಸೈನ್ಯಕ್ಕೆ ಸೇರಿ, ಮನೆಯ ದುಡ್ಡನ್ನೆಲ್ಲ ಕುದುರೆ ಜೂಜಿಗೆ ಸುರಿದ. ಸಾಲಗಾರರಿಂದ ತಪ್ಪಿಸಿಕೊಂಡು ಆಸ್ಟ್ರೇಲಿಯಕ್ಕೆ ಬಂದು ಚಿನ್ನ ಅಗೆದ. ಕೈಗೆ ಏನೂ ಹತ್ತಲಿಲ್ಲ. ಬಿರುದನ್ನು ಮುಚ್ಚಿಟ್ಟು ಸಾಮಾನ್ಯ ಪೇದೆಯಾಗಿ ಸೇರಿ ಅದೇ ಚಿನ್ನದ ಎಸ್ಕಾರ್ಟಿನ ಪಕ್ಕದಲ್ಲಿ ಕುದುರೆ ಓಡಿಸಿದ. ಗುಟ್ಟು ಬಯಲಾದ ಮೇಲೆ ಬಡ್ತಿ ತಾನಾಗಿ ಬಂತು. ಗಣಿಯಲ್ಲಿ ಸೋತವನೊಬ್ಬ ಗಾಡಿ ದೋಚುತ್ತಾನೆ, ಇನ್ನೊಬ್ಬ ಗಾಡಿ ಕಾಯುತ್ತಾನೆ. ಇಬ್ಬರನ್ನೂ ಅಲ್ಲಿಗೆ ಕರೆತಂದದ್ದು ಒಂದೇ ಆಸೆ. ಯೂಗೌರಾ ದರೋಡೆಯ ನಂತರ ಗಾರ್ಡಿನರ್ ತನ್ನ ಪ್ರೇಯಸಿ ಕಿಟಿ ಬ್ರೌನಳ ಮನೆಗೆ ಬಂದ ರಾತ್ರಿ ಪಾಟಿಂಜರ್ ಹೊಂಚು ಹಾಕಿ ಕೂತಿದ್ದ. ಗಾರ್ಡಿನರ್ ಎದುರಿಗೇ ಬಂದ, ಪಿಸ್ತೂಲು ಸಿಡಿಯಲಿಲ್ಲ. 1865ರಲ್ಲಿ ಪಾಟಿಂಜರ್ ಕೆಲಸ ಕಳೆದುಕೊಂಡು, ವಿಚಾರಣೆಗೆಂದು ಸಿಡ್ನಿಗೆ ಹೊರಟಾಗ, ಚಲಿಸುವ ಕೋಚ್ ಹತ್ತುವಾಗ ಅವನದೇ ಪಿಸ್ತೂಲು ಸಿಡಿಯಿತು. ಅದರಿಂದಲೇ ಸತ್ತ.

ಬೆನ್ ಹಾಲ್‌ನನ್ನು ಊರು ಇಂದಿಗೂ ಮುದ್ದು ಮಾಡುತ್ತದೆ. ಮಗಳು ಆರೆಂಜ್‌ನಲ್ಲಿರುವುದರಿಂದ ಆ ಕಡೆ ಓಡಾಡುವಾಗ ಫೋರ್ಬ್ಸಿನ ಸ್ಮಶಾನದಲ್ಲಿ ಅವನ ಗೋರಿಯ ಮೇಲೆ ಹೂ ಕಂಡಿದ್ದೇನೆ. ಅವನಿಗೆ ಸ್ವಂತ ಗುತ್ತಿಗೆ ಜಮೀನಿತ್ತು. ಹೆಂಡತಿ ಇನ್ನೊಬ್ಬನ ಜೊತೆ ಹೋದಳು, ದರೋಡೆಯ ಆರೋಪದಲ್ಲಿ ಒಮ್ಮೆ ಜೈಲಿಗೆ ಹೋಗಿ ಖುಲಾಸೆಯಾದ, ಯೂಗೌರಾದ ನಂತರ ಪೊಲೀಸರು ಮನೆ ಸುಟ್ಟರು. ಇದೆಲ್ಲ ನಿಜ. ಆದರೆ ಅವನು ಬಡವರಿಗೆ ಹಂಚಿದ ಎಂಬ ಲಾವಣಿಯ ಮಾತಿಗೆ ನಾನು ತಲೆಯಾಡಿಸಲಾರೆ. ಸ್ವತಃ ಯಾರನ್ನೂ ಕೊಲ್ಲಲಿಲ್ಲ ಎನ್ನುತ್ತಾರೆ; ಜುಜಿಯಾಂಗ್ ಬಳಿ ಸಾರ್ಜೆಂಟ್ ಪ್ಯಾರಿಯನ್ನು ಗಿಲ್ಬರ್ಟ್ ಕೊಂದಾಗಲೂ, ಕಲೆಕ್ಟರ್ ಎಂಬ ಊರಿನಲ್ಲಿ ಪೇದೆ ನೆಲ್ಸನ್‌ನನ್ನು ಅವನ ತಂಡದ ಜಾನ್ ಡನ್ ಕೊಂದಾಗಲೂ ಆ ದರೋಡೆಗಳ ನಾಯಕ ಅವನೇ.

1863ರ ಅಕ್ಟೋಬರಿನಲ್ಲಿ ಅವನ ತಂಡ ಕ್ಯಾನೋವಿಂಡ್ರಾ ಊರನ್ನೇ ಮೂರು ದಿನ ಹಿಡಿದಿಟ್ಟು ಹೋಟೆಲಿನಲ್ಲಿ ಎಲ್ಲರಿಗೂ ಊಟ, ಕುಡಿತ, ಕುಣಿತ ನಡೆಸಿತು. ಅದೇ ತಿಂಗಳು ಡನ್ಸ್ ಪ್ಲೇನ್ಸ್‌ನಲ್ಲಿ ಹೆನ್ರಿ ಕೀಟ್ಲಿ ಎಂಬ ಚಿನ್ನದ ಕಮಿಷನರನ ಮನೆಗೆ ನುಗ್ಗಿತು. ಅವನು ಎದುರು ನಿಂತು ಗುಂಡು ಹಾರಿಸಿದ. ಮಿಕಿ ಬರ್ಕ್ ಎಂಬವನು ಸತ್ತ. ಬರ್ಕ್ ತಲೆಗೆ ಸರ್ಕಾರ ಕಟ್ಟಿದ್ದ ಬೆಲೆ 500 ಪೌಂಡ್. ಆ ಬಹುಮಾನ ಕೀಟ್ಲಿಗೆ ಸಿಗುವುದಾದರೆ ನಮಗೇ ಕೊಡಲಿ ಎಂದು ತಂಡ ಅವನ ಪ್ರಾಣಕ್ಕೆ ಅಷ್ಟೇ ಮೊತ್ತ ಕೇಳಿತು. ಹೆಂಡತಿ ಕ್ಯಾರೊಲೈನ್ ರಾತ್ರೋರಾತ್ರಿ ಬಾಥರ್ಸ್ಟ್‌ಗೆ ಹೋಗಿ ಹಣ ತಂದು ಗಂಡನನ್ನು ಬಿಡಿಸಿಕೊಂಡಳು. ಜಮಾ ಖರ್ಚು ಇಷ್ಟು ಚೊಕ್ಕಟವಾಗಿ ತಾಳೆಯಾದ ಇನ್ನೊಂದು ದರೋಡೆ ನನಗೆ ಗೊತ್ತಿಲ್ಲ.

ಯೂಗೌರಾದ ಬಂಗಾರ ಮಾತ್ರ ತಾಳೆಯಾಗಲೇ ಇಲ್ಲ. ಸಾರ್ಜೆಂಟ್ ಸ್ಯಾಂಡರ್ಸನ್ ಬೆನ್ನಟ್ಟಿದಾಗ ಕಳ್ಳರು ಬಿಟ್ಟೋಡಿದ ಸಾಮಾನಿನ ಕುದುರೆಯ ಮೇಲೆ ಸುಮಾರು 1,500 ಔನ್ಸ್ ಸಿಕ್ಕಿತು. ಉಳಿದದ್ದರ ಸುತ್ತ ಬೆಳೆದದ್ದು ಕಥೆಗಳು; ವೀಗೋ ಬೆಟ್ಟದ ಕಡೆ ಹುಡುಕುವವರಿಗೆ ಕೊರತೆಯಿಲ್ಲ. ಚಾರ್ಟರ್ಸ್ ಸರ್ಕಾರಿ ಸಾಕ್ಷಿಯಾದ. 1863ರ ಮಾರ್ಚಿನಲ್ಲಿ ಗಲ್ಲಿಗೇರಿದವನು ಮ್ಯಾನ್ಸ್ ಒಬ್ಬನೇ. ಗಾರ್ಡಿನರ್ ಕ್ವೀನ್ಸ್‌ಲ್ಯಾಂಡಿನಲ್ಲಿ ಕಿಟಿಯ ಜೊತೆ ಅಂಗಡಿ ಇಟ್ಟುಕೊಂಡಿದ್ದಾಗ 1864ರಲ್ಲಿ ಸಿಕ್ಕಿಬಿದ್ದ. 32 ವರ್ಷ ಶಿಕ್ಷೆಯಾಯಿತು. 1874ರಲ್ಲಿ ದೇಶ ಬಿಡುವ ಷರತ್ತಿನ ಮೇಲೆ ಬಿಟ್ಟರು. ಆ ಗಲಾಟೆಗೆ ಹೆನ್ರಿ ಪಾರ್ಕ್ಸ್ ಸರ್ಕಾರವೇ ಬಿತ್ತು. ಹಡಗು ಹತ್ತಿ ಅವನು ಹೋದದ್ದು ಹಾಂಗ್‌ಕಾಂಗಿಗೆ, ತನ್ನನ್ನು ಹಿಡಿಯಲಾಗದವನ ಅಪ್ಪ ಆಳಿದ್ದ ಊರಿಗೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಹೆಂಡದಂಗಡಿ ತೆರೆದ.

ಎಸ್ಕಾರ್ಟುಗಳ ಕಾವಲು ಬಲವಾದ ಮೇಲೆ ಬೆನ್ ಹಾಲ್ ತಂಡಕ್ಕೆ ಮತ್ತೆ ಅಂಥ ಪೆಟ್ಟಿಗೆ ಸಿಗಲಿಲ್ಲ. 1865ರ ಮಾರ್ಚಿನಲ್ಲಿ ಅರಲೂಯೆನ್ ಚಿನ್ನದ ಗಾಡಿಗೆ ಕೈ ಹಾಕಿ ಸೋತರು. ಉಳಿದದ್ದು ಟಪಾಲು ಗಾಡಿ, ದಾರಿಹೋಕರ ಗಡಿಯಾರ, ಅಂಗಡಿಯ ಗಲ್ಲಾ. ಅವರನ್ನು ಮುಗಿಸಿದ್ದು ಬಂದೂಕಿಗಿಂತ ಹೆಚ್ಚಾಗಿ ಆ ವರ್ಷದ ಏಪ್ರಿಲಿನ ಕಾನೂನು: ಕಾನೂನಿನ ಹೊರಗೆಂದು ಸಾರಿದವರನ್ನು ಯಾರು ಬೇಕಾದರೂ ಕೊಲ್ಲಬಹುದು, ಆಶ್ರಯ ಕೊಟ್ಟವರಿಗೆ ಹದಿನೈದು ವರ್ಷ ಜೈಲು, ಆಸ್ತಿ ಜಪ್ತಿ. ಊಟ ಇಡುತ್ತಿದ್ದ ಮನೆಗಳ ಬಾಗಿಲು ಮುಚ್ಚಿದವು. ಮೇ 5ರ ಬೆಳಗ್ಗೆ ಬಿಲ್ಲಬಾಂಗ್ ಕ್ರೀಕ್ ಬಳಿ ಪೊಲೀಸರು ಹಾಲ್‌ನ ಮೇಲೆ ಸುಮಾರು ಮೂವತ್ತು ಗುಂಡು ಸುರಿದರು. ಜಾಡು ಹಿಡಿದು ಕೊಟ್ಟವನು ಬಿಲ್ಲಿ ಡಾರ್ಗಿನ್ ಎಂಬ ಮೂಲನಿವಾಸಿ. ಎಂಟು ದಿನದ ಮೇಲೆ ಬಿನಲಾಂಗ್‌ನಲ್ಲಿ ಗಿಲ್ಬರ್ಟ್ ಸತ್ತ. ಡನ್‌ನನ್ನು ಮರುವರ್ಷ ಗಲ್ಲಿಗೇರಿಸಿದರು.

ಆ 1866ರಲ್ಲೇ ಕಾರ್ನೀಲಿಯಸ್ ಒಬ್ರಿಯನ್ ಎಂಬ ಕುರಿಗಾಹಿಗೆ ವೆಡಿನ್ ಬೆಟ್ಟದ ಬುಡದ ಸೀಮೆಯಲ್ಲಿ ಚಿನ್ನ ಸಿಕ್ಕಿತು. ತಂಡ ವರ್ಷಗಟ್ಟಲೆ ಕದ್ದ ಕುದುರೆಗಳ ಮೇಲೆ ಓಡಾಡಿದ್ದ ನೆಲವದು. ಜನ ನುಗ್ಗಿದರು, ಊರು ಎದ್ದಿತು, ಮರುವರ್ಷ ಅಲ್ಲಿಯ ನಾರ್ವೆ ಮೂಲದ ಗಣಿಗಾರನ ಮನೆಯಲ್ಲಿ ಲೇಖಕ ಹೆನ್ರಿ ಲಾಸನ್ ಹುಟ್ಟಿದ. ಊರಿಗೆ ಗ್ರೆನ್‌ಫೆಲ್ ಎಂದು ಹೆಸರಿಟ್ಟರು. ಗ್ರೆನ್‌ಫೆಲ್ ಫೋರ್ಬ್ಸಿನ ಚಿನ್ನದ ಕಮಿಷನರ್. 1866ರ ಡಿಸೆಂಬರಿನಲ್ಲಿ ಬುಷ್‌ರೇಂಜರುಗಳ ಗುಂಡಿಗೆ ಬಲಿಯಾಗಿದ್ದ.