ನೆಮ್ಮದಿಯ ಮಾತ್ರೆಯ ಚರಿತ್ರೆ

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುತ್ತಿದ್ದರು. ಆ ಚಿಂತೆಗೆ ಮಾತ್ರೆ ಹುಡುಕಿದ ಕಥೆ ಸ್ವಾರಸ್ಯಕರವಾದುದು.

20ನೆಯ ಶತಮಾನದ ಆದಿಯಲ್ಲಿ ಬಂದ ಬಾರ್ಬಿಟ್ಯುರೇಟ್ ಗುಳಿಗೆಗಳು ಪ್ರಮಾಣ ಮೀರಿದರೆ ಪ್ರಾಣಕ್ಕೇ ಎರವಾಗುತ್ತಿದ್ದವು. ರೋಶ್ ಕಂಪನಿಯ ಅಮೆರಿಕ ಶಾಖೆಯ ರಸಾಯನಶಾಸ್ತ್ರಜ್ಞ ಲಿಯೋ ಸ್ಟರ್ನ್‌ಬಾಕ್ ತಯಾರಿಸಿ ಮೂಲೆಗಿಟ್ಟಿದ್ದ ವಸ್ತುವೊಂದು, 1957ರಲ್ಲಿ ಪ್ರಯೋಗಾಲಯ ಚೊಕ್ಕಟ ಮಾಡುವಾಗ ಕಣ್ಣಿಗೆ ಬಿತ್ತು. ಅದೇ 1960ರಲ್ಲಿ ಲಿಬ್ರಿಯಂ ಎಂದು ಮಾರಾಟಕ್ಕೆ ಬಂತು. 1963ರಲ್ಲಿ ವೇಲಿಯಂ ಹಿಂಬಾಲಿಸಿತು. ಆಲ್ಪ್ರಜೋಲಾಂ ಇದೇ ಬಳಗದ್ದು.

ತೀವ್ರ ಕಳವಳ, ಫಿಟ್ಸ್, ಕುಡಿತ ಬಿಡಿಸುವ ಚಿಕಿತ್ಸೆ ಇವುಗಳಲ್ಲಿ ಈ ಮದ್ದಿನ ಉಪಕಾರ ದೊಡ್ಡದು. ಆದರೆ ಉಪಯೋಗ ಕೆಲವು ದಿನ, ಕೆಲವು ವಾರಗಳಿಗೆ ಮಾತ್ರ. ದೇಹ ಇದಕ್ಕೆ ಒಗ್ಗಿಹೋಗುತ್ತದೆಂದು 1961ರಲ್ಲೇ ವೈದ್ಯರು ತೋರಿಸಿದ್ದರು. ಥಟ್ಟನೆ ಬಿಟ್ಟರೆ ನಿದ್ದೆಗೇಡು, ನಡುಕ, ಫಿಟ್ಸ್ ಕೂಡ ಬರಬಹುದು. ವಯಸ್ಸಾದವರು ಮಂಪರಿನಲ್ಲಿ ಬಿದ್ದು ಮೂಳೆ ಮುರಿದುಕೊಳ್ಳುವುದುಂಟು. ಮದ್ಯದೊಡನೆ ಸೇರಿದರೆ ಉಸಿರಿಗೇ ಸಂಚಕಾರ. ಭಾರತ ಸರ್ಕಾರ 2013ರಲ್ಲಿ ಎಚ್-1 ಪಟ್ಟಿ ಮಾಡಿ, ಆಲ್ಪ್ರಜೋಲಾಂ, ಡಯಾಜೆಪಾಂಗಳನ್ನು ಅದಕ್ಕೆ ಸೇರಿಸಿತು. ಔಷಧದಂಗಡಿಯವರು ಚೀಟಿ ನೋಡಿಯೇ ಕೊಡಬೇಕು, ವಿವರ ಬರೆದಿಡಬೇಕು.

ವರಾಛಾದಂಥ ದೂರದ ಬಡಾವಣೆಯಲ್ಲಿ ನೆಲೆಸಿದ ನಮ್ಮವರಿಗೆ ಇನ್ನೊಂದು ತೊಡಕಿದೆ: ಮನದ ಅಳಲನ್ನು ಗುಜರಾತಿಯಲ್ಲಿ ಬಿಡಿಸಿ ಹೇಳಲಾಗದೆ ಹಳೆಯ ಚೀಟಿಯನ್ನೇ ನೆಚ್ಚುವುದು. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ನುಂಗುತ್ತಿರುವವರು ತಾವಾಗಿ ನಿಲ್ಲಿಸದೆ, ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಿಕೊಳ್ಳುವುದೇ ಕ್ಷೇಮ.