ಕುದುರೆ ಬದಲಿಸುವಷ್ಟು ಹೊತ್ತು

ಬೆಂಗಳೂರಿನ ಬಸ್ ಡಿಪೋ ಒಂದರಲ್ಲಿ ನಾನು ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಬ್ಯಾಟರಿ ರೂಮಿನಲ್ಲೇ ಕಳೆಯಿತು. ಆಸಿಡ್ ಹನಿ ಪ್ಯಾಂಟಿನ ಮೇಲೆ ಬಿದ್ದದ್ದು ಅವತ್ತು ಗೊತ್ತಾಗುವುದಿಲ್ಲ. ಮನೆಯಲ್ಲಿ ಒಗೆದು ಹಗ್ಗದ ಮೇಲೆ ಹಾಕಿದಾಗ ಜರಡಿಯ ಹಾಗೆ ಬೆಳಕು ತೂರಿ ಬರುತ್ತದೆ. ಒಂದು ಬಸ್ಸಿಗೆ 12 ವೋಲ್ಟಿನ ಎರಡು ಬ್ಯಾಟರಿ. ಮುಂಜಾನೆ ನಾಲ್ಕೂವರೆಗೆ ಸೆಲ್ಫ್ ತಗೊಳ್ಳದಿದ್ದರೆ ಬಸ್ ತಳ್ಳುವುದು ಡಿಪೋದಲ್ಲಿ ಸಿಕ್ಕವರ ಕೆಲಸ, ಬೈಸಿಕೊಳ್ಳುವುದು ನನ್ನ ಕೆಲಸ.

ಹಾಗಾಗಿ 2014ರ ಫೆಬ್ರುವರಿಯಲ್ಲಿ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಚೀನಾದ ಬ್ಯಾಟರಿ ಬಸ್ಸೊಂದನ್ನು ಪ್ರಯೋಗಕ್ಕೆ ಬಿಟ್ಟಾಗ ನನಗೆ ನಗು ಬಂದಿತ್ತು. ಸ್ಟಾರ್ಟ್ ಮಾಡಲಿಕ್ಕೇ ಒದ್ದಾಡುವ ಬ್ಯಾಟರಿ ಇಡೀ ಬಸ್ಸನ್ನು ಎಳೆಯುತ್ತದಂತೆ! ಅದು ಬೇರೆ ಜಾತಿಯ ಬ್ಯಾಟರಿ ಎಂದು ಆಮೇಲೆ ತಿಳಿಯಿತು. ಆದರೆ ನಾನು ಹಗಲೂ ರಾತ್ರಿ ಎತ್ತಿ ಇಳಿಸಿದ ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯಲ್ಲೇ, ನಮ್ಮ ಅಜ್ಜನ ಕಾಲದಲ್ಲೇ, ಲಂಡನ್ ಊರಿನೊಳಗೆ ಬಸ್ ಓಡಿತ್ತು ಎಂಬುದನ್ನು ಓದಿದ್ದು ರಿಟೈರ್ ಆದ ಮೇಲೆ. ಓದಿ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

1907ರ ಜುಲೈ 15. ಈಗಿನ ಕೆ.ಆರ್. ಮಾರುಕಟ್ಟೆಯ ಹತ್ತಿರ, ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಮೊದಲ ಬೀದಿದೀಪ ಹೊತ್ತಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಅವತ್ತು ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ಲಿವರ್‌ಪೂಲ್ ಸ್ಟ್ರೀಟಿಗೆ ‘ಎಲೆಕ್ಟ್ರೋಬಸ್’ ಹೊರಟಿತು. ಎರಡು ಅಂತಸ್ತು, ಮೇಲಿನದಕ್ಕೆ ಸೂರಿಲ್ಲ, ಮೂವತ್ತನಾಲ್ಕು ಸೀಟು. ಲಂಡನ್ನಿನ ಬಸ್ಸುಗಳನ್ನು ಆಗಿನ್ನೂ ಹೆಚ್ಚಾಗಿ ಕುದುರೆಗಳೇ ಎಳೆಯುತ್ತಿದ್ದವು. ಹೊಸದಾಗಿ ಬಂದ ಪೆಟ್ರೋಲ್ ಬಸ್ಸುಗಳು ಗಡಗಡ ಸದ್ದು ಮಾಡಿ, ಹೊಗೆ ಕಾರಿ, ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಅತಿ ಸದ್ದಿನ ಬಸ್ಸನ್ನು ಪೊಲೀಸರೇ ರಸ್ತೆಯಿಂದ ಇಳಿಸುತ್ತಿದ್ದರು. ಇವುಗಳ ನಡುವೆ ಸದ್ದಿಲ್ಲದೆ, ವಾಸನೆಯಿಲ್ಲದೆ ಬಂದು ನಿಂತ ಬಸ್ಸನ್ನು ಜನ ಮೆಚ್ಚಿದ್ದರಲ್ಲಿ ಆಶ್ಚರ್ಯವೇನಿದೆ?

ಬ್ಯಾಟರಿಯ ತೂಕ ಒಂದೂವರೆ ಟನ್. ಒಂದು ಚಾರ್ಜಿಗೆ ಸುಮಾರು 60 ಕಿಲೋಮೀಟರು. ಮಧ್ಯಾಹ್ನದ ಹೊತ್ತಿಗೆ ಖಾಲಿ. ಆಗ ಬಸ್ಸು ಹಾರ್ಸ್‌ಫೆರಿ ರಸ್ತೆಯ ಹತ್ತಿರದ ಗ್ಯಾರೇಜಿಗೆ ಬರುತ್ತಿತ್ತು. ಬ್ಯಾಟರಿ ಇದ್ದದ್ದು ಬಸ್ಸಿನ ಹೊಟ್ಟೆಯ ಕೆಳಗೆ, ತೊಟ್ಟಿಲಿನ ಹಾಗೆ ತೂಗುಹಾಕಿ. ಲಿಫ್ಟು ಕೆಳಗಿನಿಂದ ಏರಿ ಅಷ್ಟನ್ನೂ ಒಟ್ಟಿಗೆ ಇಳಿಸಿಕೊಳ್ಳುತ್ತದೆ, ಚಾರ್ಜ್ ಆದದ್ದು ಆ ಜಾಗಕ್ಕೆ ಏರುತ್ತದೆ, ಬಸ್ಸು ಹೊರಡುತ್ತದೆ. ಮೂರು ನಿಮಿಷ! ಬಳಲಿದ ಕುದುರೆ ಬಿಚ್ಚಿ ಹೊಸದನ್ನು ಕಟ್ಟುವಷ್ಟು ಹೊತ್ತು. ನನ್ನ ಕಾಲದಲ್ಲಿ ತುಕ್ಕು ಹಿಡಿದ ಒಂದು ಕ್ಲ್ಯಾಂಪ್ ಬಿಚ್ಚಲಿಕ್ಕೇ, ಸ್ಪ್ಯಾನರ್ ಹುಡುಕುವುದೂ ಸೇರಿ, ಅದರ ಮೂರರಷ್ಟು ಹೊತ್ತು ಹಿಡಿಯುತ್ತಿತ್ತು. ಆ ಗ್ಯಾರೇಜಿನಲ್ಲಿ ಸೆಲ್ಲಿಗೆ ನೀರು ಹಾಕುತ್ತಿದ್ದ, ಆಸಿಡ್ಡಿನ ಗ್ರ್ಯಾವಿಟಿ ನೋಡುತ್ತಿದ್ದ ಹುಡುಗರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಅವರ ಪ್ಯಾಂಟಿಗೂ ತೂತು ಬಿದ್ದಿರಲೇಬೇಕು.

ಹೆಸರು ಉಳಿದದ್ದು ಬೇರೆಯವನದು. ಎಡ್ವರ್ಡ್ ಲೆಹ್ವೆಸ್ ಎಂಬ ಜರ್ಮನ್ ಮೂಲದ ಕಾರು ವ್ಯಾಪಾರಿ. 1902ರಲ್ಲಿ ಕಾರಿನಲ್ಲೇ ಭೂಮಿ ಸುತ್ತುತ್ತೇನೆಂದು ಹೊರಟು, ರಷ್ಯಾದ ಹಿಮದಲ್ಲಿ ಕಾರು ಬಿಟ್ಟು ಬಂದ ಆಸಾಮಿ. ಎಲೆಕ್ಟ್ರೋಬಸ್ ಕಂಪನಿಯ ಹಿಂದಿನ ಕೈ ಅವನದೇ. 1906ರ ಏಪ್ರಿಲ್‌ನಲ್ಲಿ ಮುನ್ನೂರು ಬಸ್ ಓಡಿಸುತ್ತೇವೆ, ಮೂರು ಲಕ್ಷ ಪೌಂಡ್ ಬೇಕು ಎಂದು ಕಂಪನಿ ಷೇರು ಬಿಟ್ಟಿತು. ಜನ ಮುಗಿಬಿದ್ದರು. ಆಮೇಲೆ ಹುಳುಕು ಹೊರಬಿತ್ತು: ಕಂಪನಿ 20,000 ಪೌಂಡಿಗೆ ಕೊಳ್ಳಲು ಹೊರಟಿದ್ದ ಪೇಟೆಂಟಿಗೂ ಈ ಬಸ್ಸಿಗೂ ಸಂಬಂಧವೇ ಇರಲಿಲ್ಲ. ದುಡ್ಡು ಹಾಕಿದವರು ವಾಪಸ್ ಕೇಳಿದರು. ಹೇಗೋ ಮತ್ತೆ ಹಣ ಎತ್ತಿ ಸರ್ವೀಸ್ ಶುರುವಾಯಿತು. ಆದರೆ ಬಸ್ ಕಟ್ಟಿಕೊಡುವ ಕಂಪನಿಯೂ ಲೆಹ್ವೆಸನ ಕಡೆಯದೇ. ಕೊಳ್ಳುವ ಕೈ, ಮಾರುವ ಕೈ ಎರಡೂ ಒಬ್ಬನದಾದರೆ ರೇಟು ಯಾರು ಕೇಳಬೇಕು? ಮುನ್ನೂರು ಎಂದದ್ದು ಇಪ್ಪತ್ತಕ್ಕೆ ನಿಂತಿತು. 1910ರ ಜನವರಿಯ ಮೊದಲ ವಾರದಲ್ಲಿ ಅದೂ ಬಂದ್.

ಬ್ಯಾಟರಿ ಕೈಕೊಟ್ಟಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಂಪನಿ ಮುಳುಗಿದ ಮೇಲೆ ಎಂಟು ಬಸ್ಸುಗಳನ್ನು ಬ್ರೈಟನ್ ಊರಿನವರು ಕೊಂಡರು. ಉಳಿದವನ್ನು ಬಿಚ್ಚಿ ಬಿಡಿಭಾಗ ಮಾಡಿಕೊಂಡರು. ಹಾಗೆ ಕೊಂಡ ಬಸ್ಸುಗಳು ಬ್ರೈಟನ್‌ನಲ್ಲಿ 1917ರವರೆಗೂ ಓಡಿದವು. ಕೆಟ್ಟ ಗಾಡಿ ಕಡಲ ತೀರದಲ್ಲಿ ಅಷ್ಟು ವರ್ಷ ಬಾಳುತ್ತದೆಯೇ?

ಆಮೇಲೆ ಅದೇ ದೇಶದಲ್ಲಿ ಈ ವಿದ್ಯೆ ಉಳಿದದ್ದು ಹಾಲಿನ ಗಾಡಿಗಳಲ್ಲಿ. ಬೆಳಕು ಹರಿಯುವ ಮುಂಚೆ, ಮಲಗಿದವರನ್ನು ಎಬ್ಬಿಸದೆ, ಮನೆಮನೆಗೆ ಬಾಟಲಿ ಇಡುತ್ತಾ ಹೋಗುವ ಬ್ಯಾಟರಿ ಟ್ರಕ್ಕುಗಳು ಸಾವಿರಗಟ್ಟಲೆ ಇದ್ದವು. ಲಂಡನ್ನಿನ ಹ್ಯಾರಡ್ಸ್ ಅಂಗಡಿಯವರು 1930ರ ದಶಕದಲ್ಲಿ ಸಾಮಾನು ಸಾಗಿಸಲು ತಮ್ಮ ಬ್ಯಾಟರಿ ವ್ಯಾನುಗಳನ್ನು ತಾವೇ ಕಟ್ಟಿಕೊಂಡಿದ್ದರು. ಕಾರಣ ಸರಳ. ಹೋಗುವ ದಾರಿ ಗೊತ್ತು, ದೂರ ಗೊತ್ತು, ಸಂಜೆ ಹಸು ಕೊಟ್ಟಿಗೆಗೆ ಬರುವ ಹಾಗೆ ಗಾಡಿ ತನ್ನ ಶೆಡ್ಡಿಗೇ ಬರುತ್ತದೆ. ಬ್ಯಾಟರಿಗೆ ಇಷ್ಟು ಸಾಕು. ಒಬ್ಬೊಬ್ಬರ ಮನೆಯ ಕಾರಿಗಿಂತ ಡಿಪೋದ ಬಸ್ಸು, ಗೋಡೌನಿನ ಟ್ರಕ್ಕು ಇದಕ್ಕೆ ಮೊದಲೇ ಒಗ್ಗಿದ್ದು ಹೀಗೆ.

ಕಳೆದ ತಿಂಗಳು ಪಿಂಚಣಿಯ ಕಾಗದಕ್ಕೆಂದು ಹಳೇ ಡಿಪೋಗೆ ಹೋಗಿದ್ದೆ. ಎಲೆಕ್ಟ್ರಿಕ್ ಬಸ್ಸುಗಳು ಸಾಲಾಗಿ ಚಾರ್ಜಿಗೆ ನಿಂತಿದ್ದವು. ಕಂಡಕ್ಟರ್ ನಮ್ಮವನು, ಡ್ರೈವರ್ ಖಾಸಗಿ ಕಂಪನಿಯವನು. ಬಸ್ಸೂ ಕಂಪನಿಯದೇ, ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಲೆಕ್ಕ. ಕೇಬಲ್ ಹಿಡಿದಿದ್ದ ಹುಡುಗನನ್ನು ಬ್ಯಾಟರಿ ಎಲ್ಲಿದೆಯಪ್ಪಾ ಎಂದು ಕೇಳಿದೆ.

“ಮೇಲ್ಗಡೆ ಇದೆ ಸರ್. ನಾವು ಮುಟ್ಟೋ ಹಾಗಿಲ್ಲ, ಕಂಪನಿ ಎಂಜಿನಿಯರೇ ಬರಬೇಕು.”

ಅವನ ಪ್ಯಾಂಟು ನೋಡಿದೆ. ಒಂದು ತೂತೂ ಇಲ್ಲ.

“ಕಿಲೋಮೀಟರಿಗೆ ಎಷ್ಟಂತೆ?”

“ಅದು ನಂಗೆಲ್ಲಿ ಗೊತ್ತಾಗುತ್ತೆ ಸರ್,” ಎಂದು ನಕ್ಕ. “ಆಫೀಸಲ್ಲಿ ಕೇಳಿ.”

ಹೇಗೂ ಪಿಂಚಣಿ ಕಾಗದಕ್ಕೆ ಅಲ್ಲಿಗೇ ಹೋಗಬೇಕಿತ್ತು. ಕೇಳಿದೆ. ಗುಮಾಸ್ತರು ಕನ್ನಡಕ ಇಳಿಸಿ ನನ್ನನ್ನು ನೋಡಿ, “ನಿಮಗ್ಯಾಕ್ ಸ್ವಾಮಿ ಅದೆಲ್ಲ, ರಿಟೈರ್ ಆಗಿದ್ದೀರಲ್ಲ” ಎಂದರು.